ಕೊನೆಯ ನೂರು ಅಡಿ

ಲೇತನ್ನು ಈಗ ಫೋನಿನಲ್ಲೇ ಕೊಳ್ಳಬಹುದು. ರಾಜ್‌ಕೋಟ್‌ನಿಂದ ಬೆಂಗಳೂರಿನವರೆಗೆ ಅದು ಬಂದೂ ಬಿಡುತ್ತದೆ. ಆದರೆ ಲಾರಿಯಿಂದ ಇಳಿಸಿ ಶೆಡ್ಡಿನೊಳಗೆ ಕೂರಿಸುವವರು ಯಾರು? ಹಣ ಕಟ್ಟುವ ಮೊದಲೇ ಉತ್ತರ ಸಿಗಬೇಕಾದ ಪ್ರಶ್ನೆ ಇದು.

ಆಯುಧಪೂಜೆಗೆ ಇನ್ನೆರಡೇ ದಿನ. ಬೆಳಗಿನ ಆರೂವರೆ. ಪೀಣ್ಯಕ್ಕೆ ಹತ್ತಿರದ ಲಗ್ಗೆರೆಯಲ್ಲಿ ಒಂದು ಅಡ್ಡರಸ್ತೆಯ ಬಾಯಿಗೆ ಲಾರಿ ಬಂದು ನಿಂತಿತು. ಅದರ ಮೇಲೆ ಮರದ ಚೌಕಟ್ಟಿನೊಳಗೆ ಪ್ಲಾಸ್ಟಿಕ್ ಹೊದ್ದು ಕೂತಿದ್ದದ್ದು ಆರಡಿಯ ಹೊಸ ಲೇತು. ವರ್ಷಗಟ್ಟಲೆ ಬೇರೆಯವರ ಶೆಡ್ಡಿನಲ್ಲಿ ಟರ್ನರ್ ಆಗಿ ದುಡಿದವನೊಬ್ಬ ತನ್ನದೇ ಶೆಡ್ಡಿಗೆಂದು ತರಿಸಿಕೊಂಡ ಮೊದಲ ಯಂತ್ರ. ಫೋನಿನಲ್ಲಿ ಚಿತ್ರ ನೋಡಿದ್ದ, ವಾಟ್ಸ್‌ಆ್ಯಪ್‌ನಲ್ಲಿ ಓಡುವ ವಿಡಿಯೊ ತರಿಸಿಕೊಂಡಿದ್ದ, ಬ್ಯಾಂಕಿನಿಂದ ಹಣ ಕಳಿಸಿದ್ದ. ಅದನ್ನು ಕೈಯಲ್ಲಿ ಮುಟ್ಟುವ ಘಳಿಗೆ ಇನ್ನೂ ಬಂದಿರಲಿಲ್ಲ.

ಚಾಲಕ ಇಳಿದು ರಸೀದಿ ಚಾಚಿದ. ಅದರಲ್ಲಿ ‘ಡೋರ್ ಡೆಲಿವರಿ’ ಎಂದೇ ಬರೆದಿತ್ತು. ಆದರೆ ಶೆಡ್ಡಿನ ಬಾಗಿಲು ಇನ್ನೂ ನೂರು ಅಡಿ ಒಳಗಿತ್ತು. ಚಾಲಕ ಮಾತಾಡದೆ ಮೇಲಕ್ಕೆ ಕೈ ತೋರಿಸಿದ. ಕಂಬದಿಂದ ಕಂಬಕ್ಕೆ ಜೋತುಬಿದ್ದ ಕೇಬಲ್ಲುಗಳು. ಆಮೇಲೆ ಕೆಳಕ್ಕೆ ತೋರಿಸಿದ. ಚರಂಡಿಯ ಮೇಲೆ ಹಾಸಿದ ಕಲ್ಲು ಚಪ್ಪಡಿಗಳು. ಲಾರಿ ಒಳಗೆ ಬರುವುದಿಲ್ಲ ಎಂಬುದು ಇಬ್ಬರಿಗೂ ಅರ್ಥವಾಯಿತು.

ಇಳಿಸಲೆಂದು ಆರು ಮಂದಿ ಗೆಳೆಯರು ಬಂದಿದ್ದರು. ಯಂತ್ರದ ತೂಕ ಒಂದು ಟನ್ನಿನ ಆಸುಪಾಸು. ಆರರಿಂದ ಭಾಗಿಸಿದರೆ ತಲೆಗೆ ನೂರಾ ಅರವತ್ತೈದು ಕಿಲೊ ದಾಟುತ್ತದೆ. ಅದೂ ಹಿಡಿಯಲು ಹಿಡಿಕೆಯಿಲ್ಲದ, ಗ್ರೀಸ್ ಮೆತ್ತಿದ, ಒಂದು ಕಡೆಗೇ ವಾಲುವ ಎರಕದ ಕಬ್ಬಿಣ. ಲಾರಿಯ ಹಾಸು ನೆಲದಿಂದ ಎದೆಯೆತ್ತರದಲ್ಲಿತ್ತು. ಹೊತ್ತೇರಿದರೆ ನಗರದೊಳಗೆ ಭಾರಿ ವಾಹನಗಳಿಗೆ ನಿರ್ಬಂಧ. ಚಾಲಕ ಗಡಿಯಾರ ನೋಡತೊಡಗಿದ.

ಸಾವಿರ ಮೈಲಿ ಬಂದ ಯಂತ್ರ ಮನೆಯೆದುರಿಗೆ ಬಂದು ನಿಂತುಬಿಡುವುದು ಹೀಗೆ.

ಬಾಗಿಲು ಎಂದರೆ ಯಾವ ಬಾಗಿಲು?

ಮೊಬೈಲ್, ಮಿಕ್ಸಿ, ಫ್ರಿಜ್ ತರಿಸಿಕೊಂಡು ರೂಢಿಯಾದ ಕೈಗೆ ‘ಮನೆ ಬಾಗಿಲಿಗೆ’ ಎಂದರೆ ಹೊಸ್ತಿಲಿಗೆ ಎಂದೇ ಅರ್ಥ. ಲಾರಿ ಲೋಕದಲ್ಲಿ ಅದಕ್ಕೆ ಬೇರೆಯೇ ಅರ್ಥವಿದೆ. ಲಾರಿ ಎಲ್ಲಿಯವರೆಗೆ ಸಲೀಸಾಗಿ ಬಂದು ತಿರುಗಿಕೊಂಡು ಹೋಗಬಲ್ಲದೋ ಅದೇ ಅವರ ಬಾಗಿಲು. ಇಳಿಸುವುದು ಕೊಂಡವರ ಜವಾಬ್ದಾರಿ. ಬೇರೆ ಮಾತಾಗಿದ್ದರೆ ಅದು ಬರವಣಿಗೆಯಲ್ಲಿ ಇರಬೇಕು.

ಎಷ್ಟೋ ಸಲ ಯಂತ್ರ ಆ ಬಾಗಿಲಿನವರೆಗೂ ಬರುವುದಿಲ್ಲ. ಬಿಡಿ ಸರಕಾಗಿ ಕಳಿಸಿದ ಯಂತ್ರ ‘ಗೋಡೌನ್ ಡೆಲಿವರಿ’ ಲೆಕ್ಕದಲ್ಲಿ ಬುಕ್ ಆಗಿದ್ದರೆ, ಅದು ಯಶವಂತಪುರದ ಕಡೆಯದೋ ಕಲಾಸಿಪಾಳ್ಯದ್ದೋ ಟ್ರಾನ್ಸ್‌ಪೋರ್ಟ್ ಗೋಡೌನಿನಲ್ಲಿ ಇಳಿಯುತ್ತದೆ. ‘ನಿಮ್ಮ ಮಾಲು ಬಂದಿದೆ, ಬಂದು ಬಿಡಿಸಿಕೊಳ್ಳಿ’ ಎಂಬ ಕರೆ ಬರುತ್ತದೆ. ತಡವಾದರೆ ದಿನದ ಲೆಕ್ಕದಲ್ಲಿ ನಿಲುಗಡೆ ಬಾಡಿಗೆ ಬೀಳುತ್ತದೆ. ಅಲ್ಲಿಂದ ಮನೆಗೆ ಇನ್ನೊಂದು ಗಾಡಿ, ಇನ್ನೊಮ್ಮೆ ಏರಿಸುವ ಕೂಲಿ, ಇನ್ನೊಮ್ಮೆ ಇಳಿಸುವ ಕೂಲಿ. ಯಂತ್ರಕ್ಕೆ ಪೆಟ್ಟು ಬೀಳುವ ಸಂಭವ ಹೆಚ್ಚಾಗುವುದು ರಸ್ತೆಯಲ್ಲಲ್ಲ, ಹೀಗೆ ಕೈ ಬದಲಾಗುವ ಜಾಗಗಳಲ್ಲಿ.

ಹಾಗಾಗಿ ಸಾಗಣೆ ವೆಚ್ಚ ಉಳಿಸಲು ಬಿಡಿ ಸರಕಾಗಿ ತರಿಸುವುದೋ, ಇಡೀ ಗಾಡಿ ಮಾಡಿಕೊಳ್ಳುವುದೋ ಎಂಬುದನ್ನು ಬಾಡಿಗೆಯ ಅಂಕಿಯನ್ನಷ್ಟೇ ನೋಡಿ ತೀರ್ಮಾನಿಸುವುದು ಸರಿಯಲ್ಲ. ಯಂತ್ರ ಎಷ್ಟು ಸಲ ಏರಿ ಇಳಿಯುತ್ತದೆ ಎಂದು ಎಣಿಸಬೇಕು. ಇಬ್ಬರು ಮೂವರು ಸೇರಿ ಒಂದೇ ಊರಿನಿಂದ ಯಂತ್ರ ತರಿಸಿ ಒಂದೇ ಗಾಡಿಯ ಬಾಡಿಗೆ ಹಂಚಿಕೊಂಡರೆ ಖರ್ಚೂ ಇಳಿಯುತ್ತದೆ, ಕೈ ಬದಲಾವಣೆಯೂ ತಪ್ಪುತ್ತದೆ.

ಹರಿಹರದಿಂದ ಬಟಾಲಾವರೆಗೆ

ಯಂತ್ರ ದೂರದಿಂದ ಬರುವುದು ಕರ್ನಾಟಕಕ್ಕೆ ಹೊಸದಲ್ಲವಾದರೂ, ಯಂತ್ರ ಇಲ್ಲೇ ಹುಟ್ಟುತ್ತಿದ್ದ ಕಾಲವೊಂದಿತ್ತು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತುಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪ್‌ಗಳಿಗೆ ಹೋದವು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ನೆಲೆ ಕಂಡದ್ದು ಎಚ್‌ಎಂಟಿ. ಕೈಗಡಿಯಾರಕ್ಕೆ ಮನೆಮಾತಾಗುವ ಮೊದಲು ಅದು ಯಂತ್ರಗಳನ್ನು ಮಾಡುವ ಯಂತ್ರಗಳ ಕಾರ್ಖಾನೆ. ಹೆಸರಿನಲ್ಲೇ ಅದಿದೆ: ಹಿಂದೂಸ್ತಾನ್ ಮಷಿನ್ ಟೂಲ್ಸ್. ಈ ಎರಡೂ ಕಡೆಯ ಹಳೆಯ ಲೇತುಗಳನ್ನು ಟರ್ನರ್‌ಗಳು ಇಂದಿಗೂ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಇಂದು ಸಣ್ಣ ಶೆಡ್ಡಿಗೆ ಬರುವ ಸಾದಾ ಲೇತು, ಶೇಪರ್, ಡ್ರಿಲ್ಲಿಂಗ್ ಯಂತ್ರಗಳ ದೊಡ್ಡ ತವರು ಗುಜರಾತಿನ ರಾಜ್‌ಕೋಟ್, ಪಂಜಾಬಿನ ಬಟಾಲಾ ಮತ್ತು ಲುಧಿಯಾನ. ಬಟಾಲಾದಿಂದ ಬೆಂಗಳೂರಿಗೆ ಎರಡೂವರೆ ಸಾವಿರ ಕಿಲೊಮೀಟರಿಗೂ ಮಿಕ್ಕ ದಾರಿ. 1996ರಲ್ಲಿ ಶುರುವಾದ ಇಂಡಿಯಾಮಾರ್ಟ್‌ನಂಥ ತಾಣಗಳು ಆ ಊರುಗಳ ತಯಾರಕರನ್ನು ಹಾವೇರಿಯ ವೆಲ್ಡರ್‌ನ ಅಂಗೈಗೆ ತಂದವು. ಅಲ್ಲಿ ನಡೆಯುವುದು ಬಟನ್ ಒತ್ತಿ ಮುಗಿಯುವ ಖರೀದಿಯಲ್ಲ. ವಿಚಾರಣೆ ಕಳಿಸಬೇಕು, ದರ ತರಿಸಿಕೊಳ್ಳಬೇಕು, ಚೌಕಾಸಿ ನಡೆಯಬೇಕು, ಆಮೇಲೆ ಮುಂಗಡ. ಅಂದರೆ ಪ್ರಶ್ನೆ ಕೇಳಲು ಸಮಯವಿದೆ. ಆ ಸಮಯವನ್ನು ಹೆಚ್ಚಿನವರು ಬೆಲೆ ಇಳಿಸುವುದಕ್ಕೇ ಬಳಸುತ್ತಾರೆ.

ಮೊದಲು ಊರಿನ ಡೀಲರ್ ಇದ್ದ. ಅವನ ಕಮಿಷನ್ನಿನೊಳಗೆ ಕ್ರೇನಿನವನ ಪರಿಚಯ, ಇಳಿಸುವ ಆಳುಗಳು, ನೆಲಕ್ಕೆ ಕೂರಿಸುವ ಫಿಟ್ಟರ್ ಎಲ್ಲವೂ ಅಡಗಿತ್ತು. ಡೀಲರ್ ಮಾಯವಾದಾಗ ಬೆಲೆ ಇಳಿಯಿತು. ಅವನು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸ ಮಾತ್ರ ಕೊಂಡವರ ಹೆಗಲಿಗೆ ಬಂತು. ಅದನ್ನು ಅವರಿಗೆ ಯಾರೂ ಹೇಳಲಿಲ್ಲ.

■ ತೂಕದ ಅಂದಾಜು
ಮೇಜಿನ ಮೇಲಿಡುವ ಸಣ್ಣ ಹವ್ಯಾಸಿ ಲೇತು: 40ರಿಂದ 100 ಕಿಲೊ. ಇಬ್ಬರು ಮೂವರು ಎತ್ತಬಹುದು.
ನೆಲದ ಮೇಲೆ ನಿಲ್ಲುವ ಪಿಲ್ಲರ್ ಡ್ರಿಲ್: 200–300 ಕಿಲೊ. ತಲೆಭಾರ ಹೆಚ್ಚು, ಬೇಗ ಉರುಳುತ್ತದೆ.
ಆರಡಿ ಬೆಡ್ಡಿನ ಸಾದಾ ಲೇತು: ಒಂದು ಟನ್ನಿನ ಆಸುಪಾಸು. ಕೈಯಲ್ಲಿ ಎತ್ತುವ ಮಾತೇ ಬೇಡ.
ಮಾರುವವರಿಂದ ಯಂತ್ರದ ತೂಕವನ್ನೂ, ಪ್ಯಾಕಿಂಗ್ ಸೇರಿದ ಒಟ್ಟು ತೂಕವನ್ನೂ, ಉದ್ದ–ಅಗಲ–ಎತ್ತರವನ್ನೂ ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಕಾಗದ ಕಾಪಾಡುತ್ತದೆ

ಐವತ್ತು ಸಾವಿರ ರೂಪಾಯಿಗೆ ಮೀರಿದ ಸರಕು ರಾಜ್ಯದ ಗಡಿ ದಾಟಲು ಇ-ವೇ ಬಿಲ್ ಬೇಕು. 2018ರ ಏಪ್ರಿಲ್ 1ರಿಂದ ಈ ನಿಯಮವಿದೆ. ರಾಜ್ಯದೊಳಗಿನ ಸಾಗಣೆಗೂ ಅದೇ ದಿನ ಮೊದಲು ಜಾರಿಗೆ ತಂದದ್ದು ಕರ್ನಾಟಕ. ಬಿಲ್ಲಿನ ಆಯುಷ್ಯ ದೂರವನ್ನು ಅವಲಂಬಿಸಿದೆ. ಪ್ರತಿ 200 ಕಿಲೊಮೀಟರಿಗೆ ಒಂದು ದಿನ. ರಾಜ್‌ಕೋಟ್‌ನಿಂದ ಬೆಂಗಳೂರಿನ 1,600 ಕಿಲೊಮೀಟರ್ ಮೀರಿದ ದಾರಿಗೆ ಒಂಬತ್ತು ದಿನ ಸಿಗುತ್ತದೆ. ಬಿಡಿ ಸರಕು ನಡುದಾರಿಯ ಗೋಡೌನಿನಲ್ಲಿ ಕೂತರೆ ಆ ದಿನಗಳು ಬೇಗ ಕರಗುತ್ತವೆ. ಆಗ ಸಾಗಣೆದಾರರು ಅವಧಿ ವಿಸ್ತರಿಸಿಕೊಳ್ಳಬೇಕು. ಆದ್ದರಿಂದ ಬಿಲ್ಲಿನ ಸಂಖ್ಯೆಯನ್ನು ಕೊಂಡವರೂ ತರಿಸಿಕೊಂಡು ಕಣ್ಣಿಟ್ಟಿರುವುದು ಒಳ್ಳೆಯದು.

ಇನ್ನೂ ಮುಖ್ಯವಾದ ಕಾಗದ ಲಾರಿ ರಸೀದಿ. ಕೆಲವರು ಎಲ್‌ಆರ್ ಎನ್ನುತ್ತಾರೆ, ಉತ್ತರದವರು ಬಿಲ್ಟಿ ಎನ್ನುತ್ತಾರೆ. ಬಾಡಿಗೆ ಕಟ್ಟಿಯಾಗಿದೆಯೋ, ಬಂದ ಮೇಲೆ ಕೊಡಬೇಕಾದ ‘ಟು-ಪೇ’ಯೋ, ಗೋಡೌನಿಗೋ, ಮನೆಗೋ ಎಲ್ಲವೂ ಇದರಲ್ಲೇ ಇರುತ್ತದೆ. ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲೂ ಇರುತ್ತದೆ: ‘ಮಾಲೀಕರ ಹೊಣೆಯಲ್ಲಿ’.

ಈ ಸಾಲಿನ ಹಿಂದೆ ಒಂದು ಕಾನೂನಿದೆ. ಬ್ರಿಟಿಷರ ಕಾಲದ 1865ರ ಕಾಯ್ದೆಯ ಜಾಗಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆ. ಸರಕಿಗೆ ಹಾನಿಯಾದರೆ ಸಾಗಣೆದಾರರ ಅಜಾಗರೂಕತೆಯನ್ನು ಸಾಬೀತು ಮಾಡುವ ಭಾರ ಸರಕಿನ ಮಾಲೀಕರ ಮೇಲಿಲ್ಲ ಎಂದು ಅದು ಹೇಳುತ್ತದೆ. ಇದು ದೊಡ್ಡ ರಕ್ಷಣೆ. ಆದರೆ ಪರಿಹಾರಕ್ಕೆ ಮಿತಿಯಿದೆ. ಸರಕು ಕಳಿಸುವವರು ಹೆಚ್ಚಿನ ಮೌಲ್ಯ ಘೋಷಿಸಿ ಅದಕ್ಕೆ ತಕ್ಕ ಹೆಚ್ಚಿನ ದರ ಕಟ್ಟದಿದ್ದರೆ, 2011ರ ನಿಯಮಗಳ ಪ್ರಕಾರ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಬಾಡಿಗೆ ಒಂಬತ್ತು ಸಾವಿರ ಎಂದಿಟ್ಟುಕೊಳ್ಳಿ. ಸಿಗಬಹುದಾದದ್ದು ಹೆಚ್ಚೆಂದರೆ ತೊಂಬತ್ತು ಸಾವಿರ. ಯಂತ್ರ ಮೂರು ಲಕ್ಷದ್ದಾಗಿದ್ದರೆ ಉಳಿದದ್ದು ಕೊಂಡವರ ತಲೆಯ ಮೇಲೆ. ಪ್ರತ್ಯೇಕ ಸಾಗಣೆ ವಿಮೆಗೆ ಒಂದಿಷ್ಟು ಹಣ ತೆಗೆದಿಡಬೇಕಾದ್ದು ಇದಕ್ಕೇ. ಯಂತ್ರಕ್ಕೆ ಸಾಲ ಮಾಡಿದವರಂತೂ ಇದನ್ನು ಬಿಡಲೇಬಾರದು.

■ ಸಹಿ ಹಾಕುವ ಮುನ್ನ
ಯಂತ್ರ ಲಾರಿಯ ಮೇಲಿರುವಾಗಲೇ ನಾಲ್ಕೂ ಕಡೆಯಿಂದ ಫೋಟೊ, ವಿಡಿಯೊ ತೆಗೆಯಿರಿ. ಹ್ಯಾಂಡಲ್, ಲಿವರ್, ಕೈಚಕ್ರಗಳನ್ನು ಮೊದಲು ನೋಡಿ. ಎರಕದ ಕಬ್ಬಿಣ ಬಾಗುವುದಿಲ್ಲ, ಮುರಿಯುತ್ತದೆ. ಹಾನಿ ಕಂಡರೆ ರಸೀದಿಯ ಪ್ರತಿಯ ಮೇಲೆ ಬರೆದೇ ಸಹಿ ಹಾಕಿ. ಸಾಗಣೆದಾರರ ಮೇಲೆ ದಾವೆ ಹೂಡುವುದಾದರೆ ಬುಕ್ ಆದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು.

ಹಳೆಯ ಯಂತ್ರ ಕೊಳ್ಳುವವರ ದಾರಿ ಇನ್ನಷ್ಟು ಕಡಿದು. ಸರ್ಕಾರಿ ಸಂಸ್ಥೆಗಳ ಹಳೆಯ ಯಂತ್ರಗಳು ಎಂಎಸ್‌ಟಿಸಿ ಎಂಬ ಸರ್ಕಾರಿ ಕಂಪನಿಯ ಆನ್‌ಲೈನ್ ಹರಾಜಿನಲ್ಲಿ ಬರುತ್ತವೆ. ಅಲ್ಲಿನ ಷರತ್ತು ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’. ನೆಲಕ್ಕೆ ಬಿಗಿದ ಬೋಲ್ಟ್ ಬಿಚ್ಚುವುದರಿಂದ ಹಿಡಿದು ಗೇಟು ದಾಟಿಸುವವರೆಗೆ ಎಲ್ಲವೂ ಕೊಂಡವರದ್ದೇ, ಅದೂ ಗೊತ್ತುಪಡಿಸಿದ ದಿನಗಳೊಳಗೆ. ಹರಾಜು ಗೆದ್ದ ಖುಷಿಯಲ್ಲಿರುವವರು ಮೊದಲು ಫೋನ್ ಮಾಡಬೇಕಾದದ್ದು ಕ್ರೇನಿನವರಿಗೆ.

ಚೀನಾದಿಂದ ತರಿಸುವವರಿಗೂ ಒಂದು ಮಾತು. ದರಪಟ್ಟಿಯಲ್ಲಿ ‘ಸಿಐಎಫ್ ಚೆನ್ನೈ’ ಎಂದಿದ್ದರೆ ಆ ಬೆಲೆ ಚೆನ್ನೈ ಬಂದರಿಗೆ ಮುಗಿಯುತ್ತದೆ. ಬಂದರಿನ ಶುಲ್ಕ, ಕಸ್ಟಮ್ಸ್ ಸುಂಕ, ತೆರವು ಏಜೆಂಟರ ಕೂಲಿ, ಅಲ್ಲಿಂದ ಬೆಂಗಳೂರಿನ ಸಾಗಣೆ ಎಲ್ಲವೂ ಬೇರೆ. ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೊದವರೆಗೆ ತರಿಸಿದರೂ ಕೊನೆಯ ನೂರು ಅಡಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ದಾರಿಯನ್ನು ಅಳೆಯಿರಿ

ಅನುಭವಸ್ಥರು ಯಂತ್ರದ ಬೆಲೆ ಕೇಳುವ ಮೊದಲು ಟೇಪು ಹಿಡಿದು ತಮ್ಮದೇ ಓಣಿಯಲ್ಲಿ ಓಡಾಡುತ್ತಾರೆ. ಶಟರ್ ಎಷ್ಟಗಲ? ತಿರುವಿನಲ್ಲಿ ಆರಡಿಯ ಯಂತ್ರ ತಿರುಗುತ್ತದೆಯೇ? ಹೊಸ್ತಿಲು ಎಷ್ಟೆತ್ತರ? ಚರಂಡಿಯ ಚಪ್ಪಡಿ ಒಂದು ಟನ್ ತಡೆಯುತ್ತದೆಯೇ? ತಡೆಯದಿದ್ದರೆ ಮೇಲೆ ಹಾಸಲು ದಪ್ಪ ಉಕ್ಕಿನ ತಗಡು ಬೇಕು. ಶೆಡ್ಡಿನ ನೆಲ ಬರೀ ಸಿಮೆಂಟಿನ ತೇಪೆಯೋ, ನಾಲ್ಕಾರು ಇಂಚಿನ ಕಾಂಕ್ರೀಟೋ? ಮೂವತ್ತು–ನಲವತ್ತರ ಸೈಟಿನಲ್ಲಿ ಕೆಳಗೆ ಶೆಡ್ಡು, ಮೇಲೆ ಮನೆ ಕಟ್ಟಿಕೊಂಡವರ ಬೆಂಗಳೂರಿನಲ್ಲಿ ಈ ಅಳತೆಗಳೇ ಯಂತ್ರದ ಗಾತ್ರವನ್ನು ನಿರ್ಧರಿಸುತ್ತವೆ.

ಆಮೇಲೆ ಇಳಿಸುವ ಬಗೆ. ಅಮೆರಿಕದಲ್ಲಿ ಮನೆಯ ಗ್ಯಾರೇಜಿಗೆ ಯಂತ್ರ ತರಿಸುವವರು ಲಾರಿಯ ಹಿಂದೆಯೇ ಜೋಡಿಸಿದ ಎತ್ತುಹಲಗೆಯನ್ನು ಹೆಚ್ಚಿನ ಹಣ ಕೊಟ್ಟು ಕೇಳಿ ಪಡೆಯುತ್ತಾರೆ. ನಮ್ಮ ಲಾರಿಗಳಲ್ಲಿ ಅದು ಅಪರೂಪ. ಇಲ್ಲಿ ಎಲ್ಲರ ಬಾಯಲ್ಲಿರುವ ಹೆಸರು ‘ಹೈಡ್ರಾ’, ಅಂದರೆ ಮುಂದೆ ಉದ್ದ ತೋಳು ಚಾಚಿಕೊಂಡು ಓಡಾಡುವ ಹಳದಿ ಕ್ರೇನು. ಹತ್ತೇ ನಿಮಿಷದ ಕೆಲಸವಾದರೂ ಕನಿಷ್ಠ ಇಷ್ಟು ಗಂಟೆ ಎಂದು ಬಾಡಿಗೆ ಲೆಕ್ಕ. ಲಾರಿ ಬಂದ ಮೇಲೆ ಕ್ರೇನು ಹುಡುಕಿದರೆ ಲಾರಿಯ ಕಾಯುವ ಬಾಡಿಗೆಯೂ ಸೇರುತ್ತದೆ. ತೋಳು ಎತ್ತುವಾಗ ತಲೆಯ ಮೇಲಿನ ವಿದ್ಯುತ್ ತಂತಿಯನ್ನು ಗಮನಿಸಲು ಒಬ್ಬರು ಬೇರೆ ನಿಲ್ಲಲೇಬೇಕು. ತಂತಿ ತೀರಾ ಹತ್ತಿರವಿದ್ದರೆ ಇನ್ನೊಂದು ಜಾಗ ಹುಡುಕಬೇಕು. ಈ ವಿಷಯದಲ್ಲಿ ‘ನೋಡಿಕೊಳ್ಳೋಣ ಬಿಡಿ’ ಎಂಬ ಮಾತು ಜೀವ ತೆಗೆಯುತ್ತದೆ.

ಹಳ್ಳಿಯಲ್ಲಿ ಕ್ರೇನು ಸಿಗದಿದ್ದರೆ ಬೇರೆ ಉಪಾಯಗಳಿವೆ. ಲಾರಿಯನ್ನು ಎತ್ತರದ ಮಣ್ಣಿನ ದಿಬ್ಬಕ್ಕೆ ಹಿಮ್ಮುಖವಾಗಿ ತಾಗಿಸಿ, ಹಾಸಿನ ಮಟ್ಟಕ್ಕೇ ಯಂತ್ರವನ್ನು ಉರುಳೆಗಳ ಮೇಲೆ ಜಾರಿಸುವುದು ಹಳೆಯ, ನಂಬಬಹುದಾದ ಕ್ರಮ. ಮುಕ್ಕಾಲಿಗೆ ಚೈನ್ ಪುಲ್ಲಿ ಕಟ್ಟಿ ಯಂತ್ರವನ್ನು ತುಸು ಎತ್ತಿ, ಲಾರಿಯನ್ನು ಮುಂದಕ್ಕೆ ತೆಗೆದು, ಆಮೇಲೆ ನೆಲಕ್ಕಿಳಿಸುವುದು ಇನ್ನೊಂದು. ಜೆಸಿಬಿಯ ಬಕೆಟ್ಟಿನ ಹಲ್ಲಿಗೆ ಹಗ್ಗ ಸಿಕ್ಕಿಸಿ ಎತ್ತುವುದನ್ನು ಮಾತ್ರ ಮಾಡಲೇಬಾರದು. ಆ ಬಕೆಟ್ ಅಗೆಯಲು ಇರುವುದು. ಹಗ್ಗ ಜಾರಿದರೆ ಹಿಡಿಯುವುದಕ್ಕೆ ಏನೂ ಇರುವುದಿಲ್ಲ.

ಸನ್ನೆ ಬಲ್ಲವರು

ಲಗ್ಗೆರೆಯ ಆ ಬೆಳಿಗ್ಗೆ ಕೊನೆಗೆ ಕೈಹಿಡಿದವರು ಪಕ್ಕದ ಬೀದಿಯ ನಾಲ್ಕು ಜನ. ಪೀಣ್ಯದ ಸುತ್ತ ಯಂತ್ರ ಸಾಗಿಸುವುದೇ ಅವರ ಕಸುಬು. ತಂದದ್ದು ಎರಡು ಅಗಲದ ಬೆಲ್ಟು, ಮೂರು ಹಾರೆ, ಐದಾರು ಕಬ್ಬಿಣದ ಪೈಪಿನ ತುಂಡು, ಒಂದು ಮೂಟೆ ಮರದ ತುಂಡುಗಳು. ಅವರೇ ಒಂದು ಹೈಡ್ರಾ ಕರೆಸಿದರು.

ಹಿರಿಯವನು ಮೊದಲು ಯಂತ್ರದ ಸುತ್ತ ಒಂದು ಸುತ್ತು ಬಂದ. ಲೇತಿನ ಭಾರವೆಲ್ಲ, ಲೋಹದ ತುಂಡನ್ನು ಹಿಡಿದು ತಿರುಗಿಸುವ ಚಕ್ ಇರುವ ಹೆಡ್‌ಸ್ಟಾಕ್ ಕಡೆಗೇ. ನಡುವಿಗೆ ಬೆಲ್ಟು ಕಟ್ಟಿದರೆ ಯಂತ್ರ ಮೂಗು ಮುಗ್ಗರಿಸುತ್ತದೆ. ಅವನು ಕ್ಯಾರೇಜನ್ನೂ ಟೇಲ್‌ಸ್ಟಾಕನ್ನೂ ಬೆಡ್ಡಿನ ಇನ್ನೊಂದು ತುದಿಗೆ ಸರಿಸಿ ಬಿಗಿಸಿದ, ಭಾರ ಸಮನಾಗಲೆಂದು. ಬೆಲ್ಟು ಉದ್ದನೆಯ ಲೀಡ್ ಸ್ಕ್ರೂಗೆ ತಾಗದಂತೆ ನಡುವೆ ಮರದ ತುಂಡು ಕೊಟ್ಟ. ಆ ಸ್ಕ್ರೂ ಕೂದಲೆಳೆಯಷ್ಟು ಬಾಗಿದರೂ ಯಂತ್ರ ಕೊಯ್ಯುವ ಥ್ರೆಡ್ ಕೆಡುತ್ತದೆ. ಆಮೇಲೆ ಒಂದು ಗೇಣು ಮಾತ್ರ ಎತ್ತಿಸಿ ನಿಲ್ಲಿಸಿದ. ಯಂತ್ರ ವಾಲಲಿಲ್ಲ. ಮತ್ತೆ ಎತ್ತಲು ಸನ್ನೆ ಮಾಡಿದ. ಯಾರೂ ಅದರ ಕೆಳಗೆ ಕಾಲಿಡಲಿಲ್ಲ.

ನೆಲಕ್ಕಿಳಿದ ಮೇಲಿನ ನೂರು ಅಡಿಗೆ ಕ್ರೇನು ಬರಲಿಲ್ಲ. ಅಲ್ಲಿ ನಡೆದದ್ದು ಜಾತ್ರೆಯ ತೇರಿಗೆ ಸನ್ನೆ ಹಾಕುವವರ ಕೆಲಸ. ಒಬ್ಬ ಹಾರೆಯಿಂದ ಮೀಟುತ್ತಾನೆ, ಇನ್ನೊಬ್ಬ ಹಿಂದೆ ಬಿಟ್ಟುಹೋದ ಪೈಪನ್ನು ಎತ್ತಿ ಓಡಿ ಮುಂದೆ ಹಾಕುತ್ತಾನೆ, ಮತ್ತೊಬ್ಬ ಪೈಪನ್ನು ತುಸು ಓರೆ ಮಾಡಿ ದಿಕ್ಕು ತಿರುಗಿಸುತ್ತಾನೆ. ಚಪ್ಪಡಿ ಬಂದಲ್ಲಿ ತಗಡು ಹಾಸುತ್ತಾರೆ. ಇಳಿಜಾರಿನಲ್ಲಿ ಮರದ ಬೆಣೆ ಕೈಯಲ್ಲೇ ಸಿದ್ಧವಿರುತ್ತದೆ. ಪೈಪು ಹಾಕುವವನ ಬೆರಳು ಎಂದೂ ಯಂತ್ರದಡಿ ಹೋಗುವುದಿಲ್ಲ, ಪೈಪಿನ ತುದಿಯನ್ನು ಹೊರಗಿನಿಂದಲೇ ಹಿಡಿಯುತ್ತಾನೆ. ಕೆಲಸ ಮಾಡುತ್ತಲೇ ಕಲಿಯುವ ವಿದ್ಯೆ ಇದು. ಇವರ ಕೂಲಿಯಲ್ಲಿ ಚೌಕಾಸಿ ಮಾಡುವವರು ಇವರ ಬೆರಳುಗಳನ್ನು ಒಮ್ಮೆ ನೋಡಬೇಕು. ಒಂದಿಬ್ಬರಿಗೆ ಉಗುರಿರುವುದಿಲ್ಲ. ಗಟ್ಟಿ ಬೂಟು, ಕೈಗವಸು ಕೊಂಡವರೇ ತಂದಿಟ್ಟರೆ ಯಂತ್ರದ ಬೆಲೆಯೆದುರು ಅದೊಂದು ಖರ್ಚೇ ಅಲ್ಲ.

■ ದುಡಿಮೆಗೆಂದು ಕೊಂಡವರೂ ಗ್ರಾಹಕರೇ
ವಾಣಿಜ್ಯ ಉದ್ದೇಶದ ಖರೀದಿ ಗ್ರಾಹಕ ಕಾನೂನಿನ ಹೊರಗೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲೆಂದೇ ಯಂತ್ರ ಕೊಂಡವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರೆಂದೇ ಪರಿಗಣಿಸುತ್ತದೆ. ಆನ್‌ಲೈನ್ ಖರೀದಿಗೂ ಇದು ಅನ್ವಯ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915.

ಉಲ್ಟಾ ತಿರುಗಿದ ಚಕ್

ಯಂತ್ರ ಶೆಡ್ಡಿನೊಳಗೆ ಸೇರಿದಾಗ ಹನ್ನೊಂದು ಗಂಟೆ. ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಬೆಡ್ಡಿನ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು, ಕಾಲಿನ ಬೋಲ್ಟುಗಳನ್ನು ಒಂದೊಂದಾಗಿ ತಿರುಗಿಸಿ, ಉದ್ದಕ್ಕೂ ಅಡ್ಡಕ್ಕೂ ಮಟ್ಟ ಮಾಡಬೇಕು. ಬೆಡ್ಡು ಒಂದಿಷ್ಟು ತಿರುಚಿಕೊಂಡರೂ ಅದರ ಮೇಲೆ ಕಡೆದ ಶಾಫ್ಟು ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ. ಸಾಗಣೆಗೆ ಮುನ್ನ ಗೇರ್‌ಬಾಕ್ಸಿನ ಎಣ್ಣೆ ಬಸಿದಿರುವುದುಂಟು. ನೋಡದೆ ಸ್ವಿಚ್ ಒತ್ತಿದವರು ಮೊದಲ ದಿನವೇ ಗೇರು ಸವೆಸಿಕೊಂಡಿದ್ದಾರೆ. ಮಳೆಗಾಲದಲ್ಲಿ ಬಂದ ಯಂತ್ರವಾದರೆ ಪ್ಲಾಸ್ಟಿಕ್ಕಿನೊಳಗೆ ನೀರು ನಿಂತಿದೆಯೇ ಎಂದು ಮೊದಲು ಬಿಚ್ಚಿ ನೋಡಿ, ಒರೆಸಿ, ಹೊಸದಾಗಿ ಎಣ್ಣೆ ಸವರಬೇಕು.

ಕರೆಂಟಿನ ಮಾತೂ ಮೊದಲೇ ಆಗಿರಬೇಕು. ಇಂಥ ಲೇತಿನ ಮೋಟಾರು ಸಾಮಾನ್ಯವಾಗಿ ತ್ರೀ ಫೇಸ್, 415 ವೋಲ್ಟು. ಮನೆಯ ಸಿಂಗಲ್ ಫೇಸಿನಲ್ಲಿ ಅದು ನೇರವಾಗಿ ಓಡುವುದಿಲ್ಲ. ಎರಡು ಮೂರು ಎಚ್‌ಪಿವರೆಗಿನ ಮೋಟಾರಿಗೆ ಸಿಂಗಲ್ ಫೇಸಿನಿಂದ ತ್ರೀ ಫೇಸ್ ಕೊಡುವ ಡ್ರೈವ್‌ಗಳು ಸಿಗುತ್ತವೆ, ಆದರೆ ಮೋಟಾರಿನ ವೋಲ್ಟೇಜು ಅದಕ್ಕೆ ಹೊಂದಬೇಕು. ಅದಕ್ಕಿಂತ ದೊಡ್ಡದಕ್ಕೆ ಬೆಸ್ಕಾಂನಲ್ಲಿ ಸಂಪರ್ಕ ಬದಲಿಸಿಕೊಳ್ಳುವುದೇ ದಾರಿ. ಯಂತ್ರ ಬಂದ ಮೇಲೆ ಅರ್ಜಿ ಹಾಕಿದವರ ಲೇತುಗಳು ಚಾದರ ಹೊದ್ದು ಕಾಯುತ್ತಿರುತ್ತವೆ.

ಲಗ್ಗೆರೆಯ ಶೆಡ್ಡಿನಲ್ಲಿ ತ್ರೀ ಫೇಸ್ ಇತ್ತು. ಸಂಜೆ ಎಲೆಕ್ಟ್ರಿಷಿಯನ್ ಬಂದು ತಂತಿ ಜೋಡಿಸಿದ. ಸ್ವಿಚ್ ಹಾಕಿದಾಗ ಚಕ್ ಉಲ್ಟಾ ತಿರುಗಿತು. ಬಾಗಿಲಲ್ಲಿ ನಿಂತಿದ್ದ ಮನೆಯವರ ಮುಖ ಬಾಡಿತು. ಎಲೆಕ್ಟ್ರಿಷಿಯನ್ ಸ್ವಿಚ್ ಆರಿಸಿ, ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದ. ಈ ಸಲ ಸರಿಯಾಗಿ ತಿರುಗಿತು.

ಟರ್ನರ್ ಒಂದು ತುಂಡು ಕಬ್ಬಿಣದ ಸರಳನ್ನು ಚಕ್ಕಿಗೆ ಬಿಗಿದು ಟೂಲ್ ತಾಗಿಸಿದ. ಸುರುಳಿ ಸುರುಳಿಯಾಗಿ ಬಿಸಿ ಚೂರು ಕೆಳಗೆ ಬಿತ್ತು. ಹೊರಗೆ ಹೆಂಡತಿ, ಬಾಳೆಕಂದು ಕಟ್ಟಲು ಶಟರಿನ ಯಾವ ಕಡೆ ಮೊಳೆ ಹೊಡೆಯಬೇಕೆಂದು ಕೇಳುತ್ತಿದ್ದಳು.